ರೇಸ್ ಟ್ರ್ಯಾಕಿನ ಹೆಸರಿನಲ್ಲಿ ಎಣ್ಣೆಯ ವ್ಯಾಪಾರ: ವರ್ತಕರ ಹೊಣೆ ಏನು?

ಮೋಟಾರು ಪಂದ್ಯಪಥಗಳು ಈಗ ವೃತ್ತಿಪರ ಚಾಲಕರಿಗಷ್ಟೇ ಮೀಸಲಾಗಿ ಉಳಿದಿಲ್ಲ. ಚೆನ್ನೈ ಸಮೀಪದ ಶ್ರೀಪೆರಂಬುದೂರಿನ ಬಳಿ 1990ರಲ್ಲಿ ಆರಂಭವಾದ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮುಂತಾದೆಡೆ ಸಾಮಾನ್ಯ ಕಾರು ಮಾಲೀಕರು ಶುಲ್ಕ ತೆತ್ತು ತಮ್ಮ ಸ್ವಂತ ವಾಹನವನ್ನು ಓಡಿಸುವ 'ಟ್ರ್ಯಾಕ್ ಡೇ' ಪದ್ಧತಿ ರೂಢಿಗೆ ಬಂದಿದೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರು ದೂರದ ಶ್ರೀಪೆರಂಬುದೂರಿಗೆ ಶನಿವಾರ ಹೊರಟು ಭಾನುವಾರ ಹಿಂದಿರುಗುವ ಉತ್ಸಾಹಿಗಳಿಗೆ ಕೊರತೆಯಿಲ್ಲ. ಇವರು ಹೊರಡುವ ಮುನ್ನ ಮೆಕ್ಯಾನಿಕ್‌ನ ಬಳಿಗೂ ಬಿಡಿಭಾಗಗಳ ಅಂಗಡಿಗೂ ಬರುತ್ತಾರೆ. ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಂಜಿನ್ನಿಗೆ ಏನನ್ನು ಹಾಕಬೇಕು?

ಈ ಪ್ರಶ್ನೆಗೆ ಅಂಗಡಿಯ ಕಪಾಟು ಎರಡು ಉತ್ತರಗಳನ್ನು ನೀಡುತ್ತದೆ. ಒಂದು, ದರ್ಜೆ, ಸ್ನಿಗ್ಧತೆ ಹಾಗೂ ವಾಹನ ತಯಾರಕರ ಅನುಮೋದನೆಯನ್ನು ನಮೂದಿಸಿರುವ ಎಂಜಿನ್ ಆಯಿಲ್. ಇನ್ನೊಂದು, ಆ ಆಯಿಲಿಗೆ ಬೆರೆಸಬೇಕೆಂದು ಹೇಳುವ ಅಡಿಟಿವ್‌ನ ಸಣ್ಣ ಸೀಸೆ. ಮೊದಲನೆಯದರ ಮೇಲೆ ಅಂಕಿಗಳಿರುತ್ತವೆ. ಎರಡನೆಯದರ ಮೇಲೆ ಹೆಚ್ಚಾಗಿ ಕಪ್ಪು-ಬಿಳುಪಿನ ಚೌಕಳಿ ಬಾವುಟವಿರುತ್ತದೆ. ಎರಡನೆಯದನ್ನು ಮಾರುವುದು ಸುಲಭ, ಅದರಲ್ಲಿ ದೊರೆಯುವ ಲಾಭವೂ ಹಿತಕರ. ಆದರೆ ಅದರೊಡನೆ ವರ್ತಕನು ಕೊಡುವ ಭರವಸೆಗೆ ಆಧಾರವೇನು ಎಂಬ ಪ್ರಶ್ನೆಯನ್ನು ವ್ಯಾಪಾರಿ ವರ್ಗ ತನಗೆ ತಾನೇ ಕೇಳಿಕೊಳ್ಳುವ ಕಾಲ ಬಂದಿದೆ.

ಬಾವುಟದ ನೆರಳಿನಲ್ಲಿ ಮಾರಾಟ

ಪಂದ್ಯಪಥದ ಖ್ಯಾತಿಯನ್ನು ಅಡಿಟಿವ್ ವ್ಯಾಪಾರಕ್ಕೆ ಬಳಸಿಕೊಳ್ಳುವ ಕಲೆ ಅಮೆರಿಕದಲ್ಲಿ ಬೆಳೆದದ್ದು. 1960ರ ದಶಕದಲ್ಲಿ ಎಸ್‌ಟಿಪಿ ಸಂಸ್ಥೆಯ ಚುಕ್ಕಾಣಿ ಹಿಡಿದ ಆಂಡಿ ಗ್ರಾನಟೆಲ್ಲಿ ಇಂಡಿಯಾನಾಪೊಲಿಸ್ 500 ಪಂದ್ಯವನ್ನೇ ಜಾಹೀರಾತಿನ ವೇದಿಕೆಯಾಗಿ ಮಾಡಿಕೊಂಡರು. 1967ರಲ್ಲಿ ಅವರ ಟರ್ಬೈನ್ ಕಾರು ಪಂದ್ಯದ ಬಹುಭಾಗ ಮುಂಚೂಣಿಯಲ್ಲಿದ್ದು, ಕೊನೆಯ ಕೆಲವೇ ಸುತ್ತುಗಳಿರುವಾಗ ಗೇರ್ ವ್ಯವಸ್ಥೆಯ ಒಂದು ಬೇರಿಂಗ್ ಮುರಿದು ನಿಂತಿತು. 1969ರಲ್ಲಿ ಮಾರಿಯೊ ಆಂಡ್ರೆಟ್ಟಿ ಎಸ್‌ಟಿಪಿ ಪ್ರಾಯೋಜಿತ ಕಾರಿನಲ್ಲಿ ಗೆದ್ದರು. ಕೆಂಪು ಅಂಡಾಕಾರದ ಆ ಚಿಹ್ನೆ ಮನೆಮಾತಾಯಿತು.

ಮಾರಾಟದ ಕಥೆ ಹೀಗಿದ್ದರೆ, ಪುರಾವೆಯ ಕಥೆ ಬೇರೆ. ಎಸ್‌ಟಿಪಿಯ ಸಮರ್ಥನೆಗಳ ಕುರಿತು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡು, 1978ರಲ್ಲಿ ಸಂಸ್ಥೆಯು 5 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಅದರ ಮೇಲೆ ಆ ವಿಷಯವನ್ನು ಪತ್ರಿಕೆಗಳಲ್ಲಿ ಜಾಹೀರಾತಿನ ಮೂಲಕ ಪ್ರಕಟಿಸಲು 2 ಲಕ್ಷ ಡಾಲರ್ ವೆಚ್ಚ ಮಾಡಬೇಕಾಯಿತು. ಅದೇ ಬ್ರ್ಯಾಂಡಿನ ಮುಂದಿನ ಒಡೆಯ ಸಂಸ್ಥೆ 1995ರಲ್ಲಿ ಮತ್ತೆ 8 ಲಕ್ಷ 88 ಸಾವಿರ ಡಾಲರ್ ಕಟ್ಟಿತು. ಪಿಟಿಎಫ್‌ಇ ಕಣಗಳನ್ನು ಒಳಗೊಂಡ ಸ್ಲಿಕ್ 50ರ ಮೇಲೆ 1996ರಲ್ಲಿ ದೂರು ದಾಖಲಾಯಿತು. ಎಂಜಿನ್ ಸವೆತವನ್ನು ತಗ್ಗಿಸುವುದೆಂಬ ಅದರ ಜಾಹೀರಾತುಗಳಿಗೆ ತಕ್ಕ ಆಧಾರವಿಲ್ಲವೆಂಬುದು ಆಯೋಗದ ವಾದ. 1997ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿದು, ಅಂತಹ ಸಮರ್ಥನೆಗಳಿಗೆ ಕಡಿವಾಣ ಬಿತ್ತು.

ಎಲ್ಲಕ್ಕಿಂತ ಬೋಧಪ್ರದವಾದುದು ಜೀಮ್ಯಾಕ್ಸ್ ಪ್ರಕರಣ. ಅದನ್ನು ಮಾರುತ್ತಿದ್ದುದು ಷಾರ್ಲಟ್ ಸೇರಿದಂತೆ ಅಮೆರಿಕದ ಹಲವು ಪ್ರಸಿದ್ಧ ಪಂದ್ಯಪಥಗಳ ಒಡೆತನ ಹೊಂದಿದ್ದ ಸ್ಪೀಡ್‌ವೇ ಮೋಟಾರ್‌ಸ್ಪೋರ್ಟ್ಸ್ ಸಮೂಹ. ಪ್ರಯೋಗಾಲಯದ ಪರೀಕ್ಷೆಯೊಂದರಲ್ಲಿ ಜೀಮ್ಯಾಕ್ಸ್ ಬೆರೆಸಿದ ಎಣ್ಣೆಯು ಬರಿಯ ಎಣ್ಣೆಗಿಂತ ಎರಡು ಪಟ್ಟಿಗೂ ಹೆಚ್ಚು ಬೇರಿಂಗ್ ತುಕ್ಕನ್ನು ತೋರಿಸಿತ್ತು, ಆ ಫಲಿತಾಂಶವನ್ನು ಮರೆಮಾಚಲಾಯಿತು ಎಂಬುದು 2001ರಲ್ಲಿ ಆಯೋಗ ಹೂಡಿದ ದಾವೆಯ ಆರೋಪವಾಗಿತ್ತು. 2003ರಲ್ಲಿ ಗ್ರಾಹಕರಿಗೆ 10 ಲಕ್ಷ ಡಾಲರ್ ಪರಿಹಾರದ ವ್ಯವಸ್ಥೆಯೊಡನೆ ಪ್ರಕರಣ ರಾಜಿಯಾಯಿತು. ಪಂದ್ಯಪಥವನ್ನೇ ಹೊಂದಿದವರ ಸಮರ್ಥನೆಯೂ ಪ್ರಯೋಗಾಲಯದ ಪುರಾವೆಯನ್ನು ಕೇಳಿಸಿಕೊಳ್ಳಬೇಕಾಯಿತು ಎಂಬುದು ಇಲ್ಲಿನ ಪಾಠ. ಟ್ರ್ಯಾಕಿನ ಮೇಲೆ ಹೆಸರು ಬರೆಸುವುದಕ್ಕೂ ಟ್ರ್ಯಾಕಿನ ಮೇಲೆ ಗುಣ ಸಾಬೀತಾಗುವುದಕ್ಕೂ ಅಜಗಜಾಂತರವಿದೆ.

ಪ್ರದರ್ಶನ ಯಂತ್ರದ ಮರ್ಮ

ವಸ್ತುಪ್ರದರ್ಶನಗಳಲ್ಲಿ ವರ್ತಕರನ್ನು ಬೆರಗುಗೊಳಿಸುವ ಯಂತ್ರವೊಂದಿದೆ. ತಿರುಗುವ ಉಕ್ಕಿನ ಉಂಗುರಕ್ಕೆ ಲೋಹದ ತುಂಡೊಂದನ್ನು ಸನ್ನೆಕೋಲಿನಿಂದ ಒತ್ತಲಾಗುತ್ತದೆ. ಸಾಧಾರಣ ಎಂಜಿನ್ ಆಯಿಲ್ ಹಾಕಿದಾಗ ಯಂತ್ರ ಕಿರುಗುಟ್ಟಿ ನಿಲ್ಲುತ್ತದೆ. ಸೀಸೆಯ ದ್ರವವನ್ನು ಎರಡು ಹನಿ ಬೆರೆಸಿದೊಡನೆ ಸರಾಗವಾಗಿ ತಿರುಗುತ್ತದೆ. ನೋಡಿದವರು ಆರ್ಡರ್ ಕೊಟ್ಟು ಮನೆಗೆ ಹೋಗುತ್ತಾರೆ.

ಈ ಆಟದಲ್ಲಿ ಸುಳ್ಳಿಲ್ಲ, ಆದರೆ ಅದು ಎಂಜಿನ್ನಿನ ಪರೀಕ್ಷೆಯಲ್ಲ. ಟಿಮ್ಕೆನ್ ಪರೀಕ್ಷೆಯ ಮಾದರಿಯ ಈ ಯಂತ್ರ ಅಳೆಯುವುದು ಅತಿ ಒತ್ತಡದಲ್ಲಿ ಲೋಹಕ್ಕೆ ಲೋಹ ತಾಗುವ ಸ್ಥಿತಿಯನ್ನು. ಅದು ಗೇರ್ ಎಣ್ಣೆ ಮತ್ತು ಗ್ರೀಸಿಗೆ ತಕ್ಕ ಪರೀಕ್ಷೆ. ಎಂಜಿನ್ನಿನ ಪ್ರಧಾನ ಬೇರಿಂಗುಗಳಾದರೋ, ಓಡುತ್ತಿರುವಾಗ ಲೋಹವನ್ನು ಮುಟ್ಟದೆ ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತಿರುತ್ತವೆ. ಯಂತ್ರದಲ್ಲಿ ಅದ್ಭುತ ತೋರಿಸುವ ಕ್ಲೋರಿನ್‌ಯುಕ್ತ ಪ್ಯಾರಾಫಿನ್‌ಗಳು ಎಂಜಿನ್ನಿನ ಶಾಖ ಮತ್ತು ತೇವದಲ್ಲಿ ಒಡೆದು ಆಮ್ಲವಾಗಿ, ಉಳಿಸಬೇಕಾದ ಬೇರಿಂಗನ್ನೇ ಕೊರೆಯಬಲ್ಲವು.

ಇನ್ನೊಂದು ಅಂಶವನ್ನೂ ವರ್ತಕರು ಅರಿತಿರಬೇಕು. ಉತ್ತಮ ದರ್ಜೆಯ ಎಂಜಿನ್ ಆಯಿಲ್ ಮೂಲ ಎಣ್ಣೆ ಮಾತ್ರವಲ್ಲ. ಕೊಳೆ ತೊಳೆಯುವ, ಮಸಿಯನ್ನು ತೇಲಿಸಿಡುವ, ಸವೆತ ತಡೆಯುವ, ಉತ್ಕರ್ಷಣ ತಡೆಯುವ, ನೊರೆ ಅಡಗಿಸುವ ದ್ರವ್ಯಗಳನ್ನು ತೂಗಿ ಬೆರೆಸಿದ ಸಮತೋಲ ಅದು. ಲುಬ್ರಿಜಾಲ್, ಇನ್ಫಿನಿಯಂ, ಆಫ್ಟನ್, ಷೆವ್ರಾನ್ ಒರೊನೈಟ್ ಎಂಬ ನಾಲ್ಕು ದೊಡ್ಡ ಸಂಸ್ಥೆಗಳು ಪ್ರಪಂಚದ ಬಹುತೇಕ ಬ್ರ್ಯಾಂಡುಗಳಿಗೆ ಈ ಮಿಶ್ರಣಗಳನ್ನು ಪೂರೈಸುತ್ತವೆ. ಪೂರ್ಣವಾಗಿ ತೂಗಿಟ್ಟ ಮಿಶ್ರಣಕ್ಕೆ ಹೊರಗಿನಿಂದ ಮತ್ತೊಂದನ್ನು ಸುರಿದರೆ, ಲೋಹದ ಮೇಲ್ಮೈಯಲ್ಲಿ ಜಾಗಕ್ಕಾಗಿ ಒಂದಕ್ಕೊಂದು ಪೈಪೋಟಿ ನಡೆಸಿ ಸಮತೋಲ ಕೆಡುವ ಸಾಧ್ಯತೆಯೇ ಹೆಚ್ಚು. ಹದವಾಗಿ ಮಾಡಿದ ಅಡುಗೆಗೆ ಬಡಿಸುವವನು ಮತ್ತೆ ಉಪ್ಪು ಹಾಕಿದಂತೆ.

ಇದಕ್ಕೆ ಅಪವಾದವೂ ಉಂಟು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರುಗಳ ಚಪ್ಪಟೆ ಟ್ಯಾಪೆಟ್‌ಗಳು ಕ್ಯಾಮ್ ಮೇಲೆ ಉಜ್ಜಿಕೊಂಡೇ ಚಲಿಸುತ್ತವೆ. ಅವಕ್ಕೆ ಸತು ಮತ್ತು ರಂಜಕದ ಜೆಡ್‌ಡಿಡಿಪಿ ಸಂಯುಕ್ತ ಹೆಚ್ಚಿರುವ ಎಣ್ಣೆ ಹಿತಕರ. ಕ್ಯಾಟಲಿಟಿಕ್ ಪರಿವರ್ತಕವನ್ನು ಕಾಪಾಡುವ ಸಲುವಾಗಿ, 2004ರ ಎಪಿಐ ಎಸ್‌ಎಂ ದರ್ಜೆಯಿಂದ ಮೊದಲ್ಗೊಂಡು 5ಡಬ್ಲ್ಯು-30ರಂತಹ ತೆಳು ಎಣ್ಣೆಗಳಲ್ಲಿ ರಂಜಕವನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಲಾಗಿದೆ. ಆದ್ದರಿಂದ ಹಳೆಯ ಕಾರಿನ ಒಡೆಯ ಸತುವಿನ ಅಡಿಟಿವ್ ಕೇಳಿದರೆ ಅದಕ್ಕೆ ಅರ್ಥವಿದೆ. ಅದೇ ಸೀಸೆಯನ್ನು 2020ರ ಏಪ್ರಿಲ್ ನಂತರದ ಬಿಎಸ್-6 ಕಾರಿಗೆ ಮಾರಿದರೆ, ಆ ಗ್ರಾಹಕನ ದುಬಾರಿ ಪರಿವರ್ತಕವನ್ನು ಹಾಳುಮಾಡಲು ನೆರವಾದಂತೆ. ವಸ್ತು ಒಂದೇ, ಯಾರಿಗೆ ಮಾರಲಾಯಿತು ಎಂಬುದರ ಮೇಲೆ ಅದು ಔಷಧ ಅಥವಾ ಅಪಥ್ಯ.

ಟ್ರ್ಯಾಕಿನಲ್ಲಿ ಎಣ್ಣೆಗೆ ಒದಗುವ ಕಷ್ಟ

ಹೆದ್ದಾರಿಯಲ್ಲಿ 90ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಎಣ್ಣೆ, ಟ್ರ್ಯಾಕಿನಲ್ಲಿ 20 ನಿಮಿಷ ಪೂರ್ಣ ವೇಗದಲ್ಲಿ ಓಡಿದ ಬಳಿಕ 130 ಡಿಗ್ರಿಯನ್ನು ದಾಟಬಹುದು. ಬಿಸಿಯಾದಷ್ಟೂ ಎಣ್ಣೆ ತೆಳುವಾಗುತ್ತದೆ, ಪೊರೆ ಕೃಶವಾಗುತ್ತದೆ. ಎಸ್‌ಎಇ ಮಾನದಂಡದಲ್ಲಿ 100 ಡಿಗ್ರಿಯಲ್ಲಿ 30ರ ದರ್ಜೆಯ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್, 50ರ ದರ್ಜೆಯದು 16.3ರಿಂದ 21.9. ಅದಕ್ಕಿಂತಲೂ ಮುಖ್ಯವಾದುದು 150 ಡಿಗ್ರಿಯಲ್ಲಿ, ತೀವ್ರ ಉಜ್ಜುವಿಕೆಯಲ್ಲಿ ಅಳೆಯುವ ಸ್ನಿಗ್ಧತೆ: 30ಕ್ಕೆ ಕನಿಷ್ಠ 2.9, 50ಕ್ಕೆ ಕನಿಷ್ಠ 3.7. ತಯಾರಕರ ಕೈಪಿಡಿ ಅನುಮತಿಸುವ ಮಿತಿಯೊಳಗೆ ದಪ್ಪನೆಯ ದರ್ಜೆಯನ್ನು ಆಯ್ದುಕೊಳ್ಳುವುದು, ಟ್ರ್ಯಾಕಿನ ನಂತರ ಎಣ್ಣೆಯನ್ನು ಬೇಗ ಬದಲಿಸುವುದು, ಆಯಿಲ್ ಕೂಲರ್ ಅಳವಡಿಸುವುದು, ಈ ಮೂರೂ ಅಳೆದು ತೋರಿಸಬಹುದಾದ ಉಪಾಯಗಳು. ಯಾವುದಕ್ಕೂ ಸೀಸೆಯ ಅಗತ್ಯವಿಲ್ಲ.

ಇನ್ನೊಂದು ಕಷ್ಟ ಎಣ್ಣೆಯ ಗುಣಕ್ಕೆ ಸಂಬಂಧಿಸಿದ್ದೇ ಅಲ್ಲ. ದೀರ್ಘ ತಿರುವಿನಲ್ಲಿ ಸಂಪಿನ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಸರಿದು, ಪಂಪು ಗಾಳಿಯನ್ನು ಹೀರುತ್ತದೆ. ಕೆಲವೇ ಕ್ಷಣಗಳಲ್ಲಿ ಬೇರಿಂಗ್ ಸುಟ್ಟುಹೋಗುತ್ತದೆ. ಇಲ್ಲದ ಎಣ್ಣೆಗೆ ಯಾವ ಅಡಿಟಿವ್ ತಾನೆ ಶಕ್ತಿ ತುಂಬೀತು? ಅತಿಯಾಗಿ ಎಣ್ಣೆ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆಯಾಗಿಸುತ್ತದೆ. ಪರಿಹಾರವಿರುವುದು ಸಂಪಿನೊಳಗಿನ ತಡೆತಗಡುಗಳಲ್ಲಿ ಮತ್ತು ಪೂರ್ಣಪ್ರಮಾಣದ ಪಂದ್ಯ ಕಾರುಗಳಲ್ಲಿ ಪ್ರತ್ಯೇಕ ತೊಟ್ಟಿಯ ಡ್ರೈ ಸಂಪ್ ವ್ಯವಸ್ಥೆಯಲ್ಲಿ. ತಗಡು ಕತ್ತರಿಸಿ, ಬೆಸೆದು, ಸೋರಿಕೆ ಪರೀಕ್ಷಿಸಿ ಕೊಡುವ ಈ ಕೆಲಸ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಯಾಗಾರಗಳಿಗೆ ಹೇಳಿ ಮಾಡಿಸಿದಂತಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

'ಪಂದ್ಯದ ಎಣ್ಣೆ ದಿನಬಳಕೆಗೂ ಶ್ರೇಷ್ಠ' ಎಂಬ ನಂಬಿಕೆಯೂ ಪರಿಶೀಲನೆಗೆ ನಿಲ್ಲುವುದಿಲ್ಲ. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಲಂಡನ್ನಿನಲ್ಲಿ ಸ್ಥಾಪಿಸಿದ ಸಂಸ್ಥೆ ಮುಂದೆ ಹೊರತಂದ ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲೇ ಹರಳೆಣ್ಣೆಯಿದೆ. ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಹರಳಿನ ಎಣ್ಣೆ, ಬಿಸಿಯಲ್ಲಿಯೂ ಲೋಹವನ್ನು ಬಿಡದೆ ಅಂಟಿಕೊಳ್ಳುವ ಗುಣದಿಂದಾಗಿ ಪಂದ್ಯ ಕಾರುಗಳ ಮತ್ತು ಮೊದಲ ಮಹಾಯುದ್ಧದ ವಿಮಾನಗಳ ಪ್ರಾಣವಾಗಿತ್ತು. ಆದರೆ ಅದು ಬೇಗ ಅಂಟಾಗಿ ಗಟ್ಟಿಯಾಗುತ್ತಿದ್ದುದರಿಂದ ಆಗಾಗ್ಗೆ ಎಂಜಿನ್ ಬಿಚ್ಚಿ ತೊಳೆಯಬೇಕಾಗುತ್ತಿತ್ತು. ಒಂದು ದಿನದ ಗೆಲುವಿಗೆ ತಯಾರಾದುದು ಒಂದು ವರ್ಷದ ಬಾಳಿಕೆಗೆ ತಕ್ಕುದಾಗಿರಲಿಲ್ಲ. ಇಂದಿನ ಶುದ್ಧ ಪಂದ್ಯ ಎಣ್ಣೆಗಳ ವಿಷಯದಲ್ಲೂ ಈ ಮಾತು ಬಹುಮಟ್ಟಿಗೆ ನಿಜ. ದೀರ್ಘಕಾಲ ಕೊಳೆಯನ್ನು ನಿಭಾಯಿಸುವ ಹೊಣೆ ಅವುಗಳದ್ದಲ್ಲ.

ಬ್ರೇಕ್ ದ್ರವ: ಕಡೆಗಣಿತ ಸರಕು

ಎಂಜಿನ್ ಕೆಟ್ಟರೆ ಹಣ ಹೋಗುತ್ತದೆ. ಬ್ರೇಕ್ ಕೆಟ್ಟರೆ ಜೀವವೇ ಹೋಗಬಹುದು. ಆದರೂ ಟ್ರ್ಯಾಕಿಗೆ ಹೊರಟ ಗ್ರಾಹಕ ಅಡಿಟಿವ್ ಬಗ್ಗೆ ಹತ್ತು ಪ್ರಶ್ನೆ ಕೇಳಿದರೆ ಬ್ರೇಕ್ ದ್ರವದ ಬಗ್ಗೆ ಒಂದನ್ನೂ ಕೇಳುವುದಿಲ್ಲ. ವರ್ತಕನೂ ಹೇಳುವುದಿಲ್ಲ, ಏಕೆಂದರೆ ಅದರ ಡಬ್ಬಿಯ ಮೇಲೆ ಆಕರ್ಷಣೆಯಿಲ್ಲ.

ಗ್ಲೈಕಾಲ್ ಮೂಲದ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದಂತೆ ಡಾಟ್ 3 ದ್ರವದ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ಶೇಕಡಾ 3.7ರಷ್ಟು ನೀರು ಸೇರಿದಾಗ 140 ಡಿಗ್ರಿ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಪಂದ್ಯಕ್ಕೆಂದೇ ತಯಾರಾಗುವ ದ್ರವಗಳು ಹೊಸದಿದ್ದಾಗ 300 ಡಿಗ್ರಿಯನ್ನೂ ಮೀರುತ್ತವೆ. ಟ್ರ್ಯಾಕಿನಲ್ಲಿ ಬ್ರೇಕ್ ಡಿಸ್ಕ್ 500 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಆ ಶಾಖ ಕ್ಯಾಲಿಪರ್ ಮೂಲಕ ದ್ರವಕ್ಕೆ ತಲುಪಿ, ಹಳತಾದ ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಮುಚ್ಚಳ ತೆರೆದಿಟ್ಟ ಡಬ್ಬಿಯಿಂದ ಅಳತೆಗೆ ತಕ್ಕಂತೆ ಬಿಡಿಯಾಗಿ ಮಾರುವ ಪದ್ಧತಿ ಎಷ್ಟು ಅಪಾಯಕರ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಟ್ರ್ಯಾಕಿಗೆ ಹೋಗುವವನಿಗೆ ವರ್ತಕ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ಮೊಹರು ಒಡೆಯದ ಹೊಸ ಡಾಟ್ 4 ಅಥವಾ ಅದಕ್ಕೂ ಮೇಲಿನ ಸೂಕ್ತ ದ್ರವದ ಡಬ್ಬಿ.

ಕೂಲೆಂಟ್ ವಿಷಯದಲ್ಲೂ ವಿವೇಕ ಬೇಕು. ಎಥಿಲೀನ್ ಗ್ಲೈಕಾಲ್ ಚೆಲ್ಲಿದ ಟ್ರ್ಯಾಕ್ ಬಹುಕಾಲ ಜಾರುವುದರಿಂದ ವಿದೇಶದ ಹಲವು ಪಂದ್ಯಪಥಗಳು ಅದನ್ನು ನಿಷೇಧಿಸಿವೆ; ಅಲ್ಲಿ ನೀರಿಗೆ ತುಕ್ಕು ನಿರೋಧಕ ದ್ರವ್ಯ ಬೆರೆಸಿ ಬಳಸುತ್ತಾರೆ. ಶಾಖ ಹೊರುವ ಶಕ್ತಿಯಲ್ಲಿ ನೀರೇ ಮೇಲು: ಅದರ ವಿಶಿಷ್ಟೋಷ್ಣ ಸುಮಾರು 4.2, ಅರ್ಧಕ್ಕರ್ಧ ಗ್ಲೈಕಾಲ್ ಮಿಶ್ರಣದ್ದು ಸುಮಾರು 3.5. ಆದರೆ ನೀರೆಂದರೆ ಗಡಸು ಲವಣಗಳ ಬೋರ್‌ವೆಲ್ ನೀರಲ್ಲ, ಖನಿಜರಹಿತ ನೀರು. ನಿರೋಧಕವಿಲ್ಲದ ಬರಿಯ ನೀರು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಮನೆಗೆ ಮರಳಿದ ಮೇಲೆ ತಯಾರಕರು ಸೂಚಿಸಿದ ಕೂಲೆಂಟನ್ನೇ ಮತ್ತೆ ತುಂಬಬೇಕು.

ಕಾನೂನು ಏನು ಹೇಳುತ್ತದೆ

'ಕಂಪನಿಯವರು ಬರೆದದ್ದನ್ನು ಹೇಳಿದೆವು, ಗ್ರಾಹಕ ಕೇಳಿದ್ದನ್ನು ಕೊಟ್ಟೆವು' ಎಂಬ ಸಮಾಧಾನ ಇನ್ನು ಸಾಲದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ 10 ಲಕ್ಷ ರೂಪಾಯಿಯವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ತಮ್ಮದೇ ಹೆಸರಿನಲ್ಲಿ ಎಣ್ಣೆ ಬೆರೆಸಿ ತುಂಬುವ ಸಣ್ಣ ಉದ್ಯಮಿಗಳು ಇದನ್ನು ಗಮನಿಸತಕ್ಕದ್ದು. ಅದೇ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ಮಾರಾಟಗಾರನನ್ನೂ ಬಿಟ್ಟಿಲ್ಲ: ತಯಾರಕರು ಕೊಟ್ಟ ಭರವಸೆಗೆ ಹೊರತಾಗಿ ಮಾರಾಟಗಾರ ತಾನೇ ಸ್ಪಷ್ಟ ಭರವಸೆ ಕೊಟ್ಟು, ಸರಕು ಅದಕ್ಕೆ ತಕ್ಕಂತಿಲ್ಲದೆ ಹಾನಿಯಾದರೆ ಹೊಣೆ ಅವನದು. 'ಇದನ್ನು ಹಾಕಿ, ಎಂಜಿನ್ ಸೀಜ್ ಆಗುವುದೇ ಇಲ್ಲ' ಎಂಬ ಮಾತು ಗಲ್ಲಾಪೆಟ್ಟಿಗೆಯ ಮೇಲಿನ ಹರಟೆಯಾಗಿ ಉಳಿಯದೆ, ಆಯೋಗದ ಮುಂದೆ ಉತ್ತರಿಸಬೇಕಾದ ಮಾತಾಗಬಹುದು.

ಟ್ರ್ಯಾಕ್ ಬಳಕೆಯಿಂದ ಎಣ್ಣೆ ಬದಲಾವಣೆ ಹೆಚ್ಚಾದಂತೆ ಬಳಸಿದ ಎಣ್ಣೆಯೂ ಹೆಚ್ಚುತ್ತದೆ. 2024ರ ಏಪ್ರಿಲ್ 1ರಿಂದ ಬಳಸಿದ ಎಣ್ಣೆಗೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ನಿಯಮಗಳು ಜಾರಿಯಲ್ಲಿವೆ. ಹಳೆ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ನೋಂದಾಯಿತ ಮರುಸಂಸ್ಕರಣೆದಾರರಿಗೆ ಒಪ್ಪಿಸುವ ವ್ಯವಸ್ಥೆ ಕಾರ್ಯಾಗಾರಗಳಲ್ಲಿ ಇರಬೇಕು.

ವರ್ತಕರು ಮಾಡಬಹುದಾದುದು

ಸೀಸೆ ಮಾರದಿದ್ದರೆ ಪಕ್ಕದ ಅಂಗಡಿಯವನು ಮಾರುತ್ತಾನೆ ಎಂಬ ಆಕ್ಷೇಪ ಸಹಜವಾದುದೇ. ಪೈಪೋಟಿಯ ಮಾರುಕಟ್ಟೆಯಲ್ಲಿ ಒಬ್ಬನೇ ನೀತಿವಂತನಾಗಿ ಅಂಗಡಿ ನಡೆಸುವುದು ಕಷ್ಟ. ಆ ಕಾರಣದಿಂದಲೇ ಇದು ವಾಣಿಜ್ಯ ಮಂಡಳಿಗಳು ಒಟ್ಟಾಗಿ ಕೈಗೊಳ್ಳಬೇಕಾದ ಕಾರ್ಯ. ಕೆಳಗಿನ ಸಲಹೆಗಳು ಪರಿಶೀಲನೆಗೆ ಯೋಗ್ಯವಾಗಿವೆ:

1. ವಾಹನದ ಕೈಪಿಡಿ ಸೂಚಿಸುವ ದರ್ಜೆ ಮತ್ತು ಅನುಮೋದನೆಯನ್ನು ನೋಡಿಯೇ ಎಣ್ಣೆ ಮಾರುವುದು. ವಾರಂಟಿಯಲ್ಲಿರುವ ಕಾರಿಗೆ ತಯಾರಕರು ಒಪ್ಪದ ಅಡಿಟಿವ್ ಮಾರದಿರುವುದು.

2. ಸಮರ್ಥನೆಗೆ ಯಾವ ಮಾನಕ ಪರೀಕ್ಷೆ, ಯಾವ ಪ್ರಯೋಗಾಲಯ ಎಂಬುದನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯುವುದು. ಕೊಡಲಾಗದವರ ಸರಕನ್ನು ಕಪಾಟಿನಿಂದ ಇಳಿಸುವುದು.

3. ಬ್ರೇಕ್ ದ್ರವವನ್ನು ಸಣ್ಣ ಮೊಹರು ಡಬ್ಬಿಗಳಲ್ಲಿಯೇ ಮಾರುವುದು, ತಯಾರಿಕೆಯ ದಿನಾಂಕವನ್ನು ಗ್ರಾಹಕನಿಗೆ ತೋರಿಸುವುದು.

4. ಬಳಸಿದ ಎಣ್ಣೆಯಲ್ಲಿ ಕಬ್ಬಿಣ, ತಾಮ್ರ, ಸೀಸದ ಕಣಗಳೆಷ್ಟಿವೆ ಎಂದು ಅಳೆದು ಎಂಜಿನ್ನಿನ ಆರೋಗ್ಯ ತಿಳಿಸುವ ವಿಶ್ಲೇಷಣೆಯನ್ನು ಮಂಡಳಿಯ ಮೂಲಕ ಸಾಮೂಹಿಕ ದರದಲ್ಲಿ ಒದಗಿಸುವುದು. ಅಡಿಟಿವ್ ಕೆಲಸ ಮಾಡಿದೆಯೇ ಇಲ್ಲವೇ ಎಂಬ ವಾದವನ್ನು ಪ್ರದರ್ಶನ ಯಂತ್ರವಲ್ಲ, ಈ ವರದಿಯೇ ತೀರ್ಮಾನಿಸಲಿ.

5. ಆಯಿಲ್ ಕೂಲರ್ ಜೋಡಣೆ, ಸಂಪ್ ತಡೆತಗಡು, ಶಾಖ ತಾಳುವ ಬ್ರೇಕ್ ಕೊಳವೆ ಮುಂತಾದ ಭಾಗಗಳ ತಯಾರಿಕೆಗೆ ಸಣ್ಣ ಕೈಗಾರಿಕೆಗಳನ್ನು ಉತ್ತೇಜಿಸುವುದು.

ಟ್ರ್ಯಾಕಿಗೆ ಹೋಗುವ ಗ್ರಾಹಕ ಸಾಮಾನ್ಯ ಗ್ರಾಹಕನಲ್ಲ. ಅವನು ಖರ್ಚು ಮಾಡುತ್ತಾನೆ, ಓದುತ್ತಾನೆ, ತನ್ನಂಥವರೊಡನೆ ಅನುಭವ ಹಂಚಿಕೊಳ್ಳುತ್ತಾನೆ. ಕೆಟ್ಟ ಎಂಜಿನ್ನಿನ ಸುದ್ದಿ ಅವನ ವಲಯದಲ್ಲಿ ಹರಡಲು ಒಂದು ದಿನ ಸಾಕು. ಸರಿಯಾದ ಬ್ರೇಕ್ ದ್ರವ ಕೊಟ್ಟು ಬೇಡದ ಸೀಸೆಯನ್ನು ಬೇಡವೆಂದ ಅಂಗಡಿಯ ಹೆಸರೂ ಅಷ್ಟೇ ಬೇಗ ಹರಡುತ್ತದೆ. ಒಂದು ಸೀಸೆಯ ಲಾಭ ಒಂದು ದಿನದ್ದು, ಅಂತಹ ಗ್ರಾಹಕನ ವಿಶ್ವಾಸ ಹತ್ತು ವರ್ಷದ ವ್ಯಾಪಾರದ್ದು. ಈ ಲೆಕ್ಕವನ್ನು ವರ್ತಕರಿಗೆ ಬೇರೆಯವರು ಕಲಿಸಬೇಕಾಗಿಲ್ಲ.